ಲೀಗ್ ನಿಂತರೆ ಮಗನ ಆಟವೂ ನಿಂತಂತೆಯೇ?

ಪ್ರಶ್ನೆ: "ಸರ್, ನಾವು ಬೆಂಗಳೂರಿನ ಹಲಸೂರು ಕಡೆಯವರು. ಯಜಮಾನರು ಬಸ್ ಡ್ರೈವರ್, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಗನಿಗೆ ಹದಿನಾರು ವರ್ಷ, ಫಸ್ಟ್ ಪಿಯುಸಿ ಕಾಮರ್ಸ್. ಎಡಗಾಲಿನ ಆಟಗಾರ, ಏರಿಯಾದ ಒಂದು ಕ್ಲಬ್ಬಿಗೆ ಬಿ ಡಿವಿಷನ್‌ನಲ್ಲಿ ಆಡುತ್ತಾನೆ. ಬೇರೆ ರಾಜ್ಯದ ಒಂದು ಅಕಾಡೆಮಿಯವರು ಹಾಸ್ಟೆಲ್ ಸಮೇತ ವರ್ಷಕ್ಕೆ ಮೂರೂವರೆ ಲಕ್ಷ ಕಟ್ಟಿ, ಎರಡು ವರ್ಷದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬಿಗೆ ಸೇರಿಸುತ್ತೇವೆ ಅಂತಾರೆ. ಅದನ್ನು ಮಾತಾಡಿಸಿಕೊಟ್ಟವನು ಟ್ರಯಲ್ಸ್‌ಗೆ ಅಂತ ಬೇರೆಯೇ ಎಂಬತ್ತು ಸಾವಿರ ಕೇಳುತ್ತಿದ್ದಾನೆ. ವಯಸ್ಸು ಒಂದೆರಡು ವರ್ಷ ಕಡಿಮೆ ತೋರಿಸಿದರೆ ಇನ್ನೂ ಒಳ್ಳೆಯದು, ಬರ್ತ್ ಸರ್ಟಿಫಿಕೇಟ್ ನಾನು ನೋಡ್ಕೋತೀನಿ ಅಂತಲೂ ಅಂದ. ಇವರು ಮಾತ್ರ, ಐಎಸ್‌ಎಲ್ಲೇ ನಿಂತುಹೋಗಿದೆ, ದೊಡ್ಡ ಆಟಗಾರರಿಗೇ ಸಂಬಳವಿಲ್ಲ, ಇವನು ಯಾವ ಲೀಗ್ ಆಡುತ್ತಾನೆ ಅಂತ ಬೈಯುತ್ತಾರೆ. ನಮ್ಮಣ್ಣ ಫುಟ್‌ಬಾಲ್ ಆಡಿಯೇ ರೈಲ್ವೆ ಕೆಲಸ ಹಿಡಿದವನು, ಅವನು ಕಳಿಸು ಅಂತಾನೆ. ಮಗ ಓದು ಬಿಟ್ಟುಬಿಡ್ತೀನಿ ಅಂತ ಹಟ ಹಿಡಿದಿದ್ದಾನೆ. ಇದರ ಮಧ್ಯೆ ಒಂಬತ್ತು ಸಾವಿರದ ಬೂಟು ಬೇಕಂತೆ. ಏನು ಮಾಡಲಿ?"

ಉತ್ತರ: ನಿಮ್ಮ ಮನೆಯಲ್ಲಿ ಎರಡು ಭಯ ಇವೆ. ದೇಶದ ದೊಡ್ಡ ಲೀಗ್ ಅಲ್ಲಾಡುತ್ತಿದೆ ಅನ್ನೋದು ಯಜಮಾನರ ಭಯ. ಈಗ ಕಳಿಸದಿದ್ದರೆ ಮಗನ ಕಾಲ ಮಿಂಚಿಹೋಗುತ್ತದೆ ಅನ್ನೋದು ನಿಮ್ಮದು. ಎರಡನ್ನೂ ಒಂದೇ ದಾರದಲ್ಲಿ ಹೊಲಿದುಬಿಟ್ಟಿದ್ದೀರಿ. ಮೊದಲು ಆ ಹೊಲಿಗೆ ಬಿಚ್ಚೋಣ.

ನಿಂತುಹೋಗಿತ್ತು ಅನ್ನೋದು ನಿಜ, ನಿಂತೇ ಹೋಯಿತು ಅನ್ನೋದು ಸುಳ್ಳು. ಏನಾಯಿತು ಅನ್ನೋದನ್ನು ಬೆಂಗಳೂರಿನವರಿಗೆ ಸುಲಭವಾಗಿ ಹೇಳಬಹುದು, ಯಾಕೆಂದರೆ ಮನೆ ಲೀಸ್ ನಮಗೆಲ್ಲ ಗೊತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) 2010ರ ಡಿಸೆಂಬರ್‌ನಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, ಸುಮಾರು 700 ಕೋಟಿ ರೂಪಾಯಿಗೆ ಕರಾರು ಮಾಡಿ ಕೊಟ್ಟಿತ್ತು. 2014ರಲ್ಲಿ ಶುರುವಾದ ಐಎಸ್‌ಎಲ್ ನಿಂತಿದ್ದೇ ಆ ಕರಾರಿನ ಮೇಲೆ. ನಡೆಸುತ್ತಿದ್ದದ್ದು ರಿಲಯನ್ಸ್ ಬಳಗದ ಎಫ್‌ಎಸ್‌ಡಿಎಲ್. ಕರಾರು ಮುಗಿಯುವ ದಿನ 2025ರ ಡಿಸೆಂಬರ್ 8. ಸೀಸನ್ ನಡೆಯುವುದೋ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ. ಅಂದರೆ ಮೂರನೇ ಒಂದು ಪಾಲು ಆಟ ಮುಗಿಯುವಷ್ಟರಲ್ಲಿ ಲೀಸ್ ಮುಗಿದಿರುತ್ತದೆ. ಮನೆ ಖಾಲಿ ಮಾಡುವ ತಿಂಗಳು ಗೊತ್ತಿದ್ದವರು ಗೋಡೆಗೆ ಬಣ್ಣ ಹೊಡೆಸುತ್ತಾರೆಯೇ? 2025ರ ಜುಲೈ 11ರಂದು ಎಫ್‌ಎಸ್‌ಡಿಎಲ್ ಕ್ಲಬ್‌ಗಳಿಗೆ ಪತ್ರ ಬರೆದು, ಮುಂದಿನ ಕರಾರು ಸ್ಪಷ್ಟವಾಗುವ ತನಕ ಸೀಸನ್ ಶುರು ಮಾಡಲಾಗದು ಎಂದಿತು.

ಹಾಗಾದರೆ ಲೀಸ್ ನವೀಕರಿಸಬಹುದಿತ್ತಲ್ಲ? ಮನೆ ಮಾಲೀಕರದೇ ಪತ್ರ ಕೋರ್ಟಿನಲ್ಲಿತ್ತು. ಫೆಡರೇಷನ್‌ನ ಸಂವಿಧಾನದ ಪ್ರಕರಣ ವರ್ಷಗಳಿಂದ ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿತ್ತು. ತೀರ್ಪು ಬರುವ ತನಕ ಅವರು ಹೊಸ ಕರಾರಿಗೆ ಕೈ ಹಾಕುವ ಹಾಗಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು, ಅಕ್ಟೋಬರ್‌ನಲ್ಲಿ ಟೆಂಡರ್ ಕರೆದರು, ನವೆಂಬರ್ 7ಕ್ಕೆ ಗಡುವು ಮುಗಿದಾಗ ಪೆಟ್ಟಿಗೆಯಲ್ಲಿ ಒಂದೇ ಒಂದು ಬಿಡ್ ಇರಲಿಲ್ಲ. ನಮ್ಮಂಥ ಆಟದ ಜನಕ್ಕೆ ಅದು ನಾಚಿಕೆಯ ದಿನ. 2026ರ ಮೊದಲ ವಾರದಲ್ಲೇ ಸುನಿಲ್ ಛೇತ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗನ್ ಅವರಂಥವರು ವಿಡಿಯೊ ಮಾಡಿ ಫಿಫಾಗೆ ಮೊರೆಯಿಡಬೇಕಾಯಿತು. ಅದಾದ ಮೇಲೆ ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವೀಯ ಘೋಷಿಸಿದ್ದು: ಫೆಬ್ರವರಿ 14ರಿಂದ ಲೀಗ್, 14 ಕ್ಲಬ್, 91 ಪಂದ್ಯ.

ಹಾಗಾಗಿ ಯಜಮಾನರಿಗೆ ಹೇಳಿ: ಆಟಗಾರರು ಇಲ್ಲದೆ ನಿಂತದ್ದಲ್ಲ, ಕಾಗದಪತ್ರ ಸರಿಯಿಲ್ಲದೆ ನಿಂತದ್ದು. ನಮ್ಮ ಲೀಗನ್ನು ನೋಡೋರೇ ಇಲ್ಲ ಅಂತ ಕೆಲವರು ಹೇಳುವ ಮಾತು ಮಾತ್ರ ಅರ್ಧ ನಿಜ. ಒಂದು ಡರ್ಬಿಗೆ, ಅಂದರೆ ಒಂದೇ ಊರಿನ ಎರಡು ತಂಡಗಳ ಪಂದ್ಯಕ್ಕೆ, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ ತುಂಬುತ್ತದೆ, ಆದರೆ ಟಿವಿ ಹಕ್ಕಿಗೆ ಬೆಲೆ ಬರುವುದು ವಾರದ ನಡುವಿನ ಸಾಮಾನ್ಯ ಪಂದ್ಯವನ್ನು ಎಷ್ಟು ಜನ ನೋಡುತ್ತಾರೆ ಅನ್ನೋದರ ಮೇಲೆ. ಅಲ್ಲಿ ನಮ್ಮ ಲೀಗ್ ಬಡವ. ಹೆಚ್ಚಿನ ಕ್ಲಬ್‌ಗಳು ಮಾಲೀಕರ ಜೇಬಿನ ಮೇಲೆ ನಡೆಯುತ್ತವೆ, ಟಿಕೆಟ್ ಮಾರಿ ಅಲ್ಲ. ಜೇಬು ಮುಚ್ಚಿದ ದಿನ ಕ್ಲಬ್ ಮುಚ್ಚುತ್ತದೆ. ಇದು ಹೊಸದೂ ಅಲ್ಲ. 1996-97ರಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಪಂಜಾಬಿನ ಜೆಸಿಟಿ. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಆ ತಂಡದಲ್ಲಿದ್ದ. ಅದೇ ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಅದಕ್ಕೆ ಒಂದು ವರ್ಷ ಮುಂಚೆ ಮಹೀಂದ್ರಾ ಯುನೈಟೆಡ್ ಹಾಕಿತ್ತು. ನಮ್ಮ ಎಚ್‌ಎಎಲ್ ಐ-ಲೀಗ್ ಆಡುತ್ತಿದ್ದದ್ದು ನಿಮ್ಮ ಅಣ್ಣನಿಗೆ ನೆನಪಿರಬೇಕು. 2011-12ರಲ್ಲಿ ಕೆಳಗಿಳಿದದ್ದು ಮತ್ತೆ ಮೇಲೆ ಬರಲೇ ಇಲ್ಲ. ಲೀಗಿನ ಬೋರ್ಡ್ ಬದಲಾಗುತ್ತಲೇ ಇರುತ್ತದೆ: ನ್ಯಾಷನಲ್ ಲೀಗ್, ಐ-ಲೀಗ್, ಐಎಸ್‌ಎಲ್. ಮುಂದಿನದಕ್ಕೆ ಏನು ಹೆಸರಿಡುತ್ತಾರೋ.

ಸಂಬಳದ ಮಾತು. ಅದೂ ನಿಜ. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಣೆ ಕೊಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಐಎಸ್‌ಎಲ್ ಕಪ್ ಫೈನಲ್ ಆಡಿ, ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿದ್ದ ತಂಡ ಅದು. ಆದರೆ ಪ್ರಕಟಣೆಯನ್ನು ಕೊನೆತನಕ ಓದಿದವರು ಕಡಿಮೆ. ಯುವ ತಂಡಗಳು, ಅಕಾಡೆಮಿ, ಮಕ್ಕಳ ಸಾಕರ್ ಸ್ಕೂಲ್ ಎಂದಿನಂತೆ ನಡೆಯುತ್ತವೆ ಅಂತಲೂ ಅದರಲ್ಲಿತ್ತು. ಮೊದಲ ತಂಡ ಮನೆಯಲ್ಲಿ ಕೂತಿದ್ದಾಗ ನಿಮ್ಮ ಮಗನ ವಯಸ್ಸಿನವರು ಬೆಳಗ್ಗೆ ಆರಕ್ಕೆ ಬಿಬ್ ಹಾಕಿಕೊಂಡು ಓಡುತ್ತಿದ್ದರು.

ನಾನು ಹೇಳಬೇಕಾದ್ದು ಇಷ್ಟೇ ನೋಡಿ. ದೇಶದ ಲೀಗಿಗೆ ಒಂದು ಸೀಸನ್ ಇದೆ, ನಿಮ್ಮ ಮಗನಿಗೆ ಇನ್ನೊಂದು. ಐಎಸ್‌ಎಲ್ ಫೆಬ್ರವರಿಯಲ್ಲಿ ಶುರುವಾಗಲಿ, ಆಗಸ್ಟ್‌ನಲ್ಲಿ ಆಗಲಿ, ಹದಿನಾರರ ಹುಡುಗ ಅದರಲ್ಲಿ ಆಡುವುದಿಲ್ಲ. ಅವನ ಭವಿಷ್ಯ ನಿಂತಿರುವುದು ಈ ವರ್ಷ ಅವನು ಎಷ್ಟು ಪಂದ್ಯ ಆಡುತ್ತಾನೆ ಅನ್ನೋದರ ಮೇಲೆ. ತರಬೇತಿಯ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಪಂದ್ಯ, ಅದರಲ್ಲೂ ಅವನು ಮೈದಾನದಲ್ಲಿದ್ದ ನಿಮಿಷಗಳು.

ಇಪ್ಪತ್ತು ವರ್ಷಗಳಿಂದ ಹುಡುಗರಿಗೆ ಕೋಚಿಂಗ್ ಮಾಡುತ್ತಿದ್ದೇನೆ. ನನ್ನ ಕೈಕೆಳಗೆ ಒಟ್ಟಿಗೆ ಬೆಳೆದ ಇಬ್ಬರ ಕಥೆ ಹೇಳುತ್ತೇನೆ. ಒಬ್ಬ ನಿಜಕ್ಕೂ ಪ್ರತಿಭಾವಂತ. ಹದಿನಾರಕ್ಕೆ ಹೊರಗಿನ ಒಂದು ವಸತಿ ಅಕಾಡೆಮಿಗೆ ಹೋದ. ಹುಲ್ಲಿನ ಮೈದಾನ, ಜಿಮ್, ವಿದೇಶಿ ಕೋಚ್, ಡ್ರೋನಿನಲ್ಲಿ ತೆಗೆದ ವಿಡಿಯೊ, ಎಲ್ಲ ಇತ್ತು. ಎರಡು ವರ್ಷ ಬಿಟ್ಟು ಬಂದಾಗ ಎಷ್ಟು ಮ್ಯಾಚ್ ಆಡಿದೆಯಪ್ಪಾ ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದ, ಹನ್ನೊಂದಕ್ಕೆ ನಿಂತ. ಉಳಿದದ್ದೆಲ್ಲ ತಮ್ಮತಮ್ಮಲ್ಲೇ ಪ್ರಾಕ್ಟೀಸ್ ಪಂದ್ಯ. ಇನ್ನೊಬ್ಬ ಸಾಧಾರಣ. ಇಲ್ಲೇ ಉಳಿದು ಎ ಡಿವಿಷನ್ ಆಡಿದ, ಕಾಲೇಜಿಗೆ ಆಡಿದ, ತಂಡಕ್ಕೆ ಏಳೇ ಜನ ಆಡುವ ಭಾನುವಾರದ ಸೆವೆನ್ಸ್ ಟೂರ್ನಿಗಳಲ್ಲೂ ಕದ್ದು ಆಡಿದ. (ಅದಕ್ಕೆ ನನ್ನಿಂದ ಬೈಸಿಕೊಂಡ. ಸೆವೆನ್ಸ್ ಅಂದರೆ ಮಂಡಿಗೆ ಶತ್ರು.) ಹತ್ತೊಂಬತ್ತಕ್ಕೆ, ಊರಿನ ಲೀಗಿನ ಎಲ್ಲಕ್ಕಿಂತ ಮೇಲಿನ ಹಂತವಾದ ಸೂಪರ್ ಡಿವಿಷನ್ ತಂಡದಲ್ಲಿ ಖಾಯಂ ಆದವನು ಇವನು. ಗಟ್ಟಿ ಕಾಲಿನ ಮೂವತ್ತು ವರ್ಷದ ಡಿಫೆಂಡರ್ ಭುಜ ಕೊಟ್ಟು ತಳ್ಳಿದಾಗ ಏನು ಮಾಡಬೇಕು ಅಂತ ಅವನಿಗೆ ಗೊತ್ತಿತ್ತು. ಮೊದಲನೆಯವನಿಗೆ ಗೊತ್ತಿರಲಿಲ್ಲ.

ಈ ಲೆಕ್ಕ ದೊಡ್ಡ ಲೀಗಿಗೂ ಸಲ್ಲುತ್ತದೆ. 2024-25ರ ಸೀಸನ್‌ನಲ್ಲಿ 13 ತಂಡ, ಪ್ರತಿಯೊಂದಕ್ಕೆ ಲೀಗ್ ಹಂತದಲ್ಲೇ 24 ಪಂದ್ಯ. 2026ರ ಫೆಬ್ರವರಿಗೆ ಘೋಷಿಸಿದ್ದು 14 ತಂಡ, ಒಂದೇ ಸುತ್ತು, ತಲಾ 13 ಪಂದ್ಯ. ಪೂರ್ತಿ ಆಡಿದ ಆಟಗಾರನಿಗೂ 2160 ನಿಮಿಷ ಇದ್ದದ್ದು 1170ಕ್ಕೆ ಇಳಿಯುತ್ತದೆ. ಇದರ ಪೆಟ್ಟು ಬೀಳುವುದು ಛೇತ್ರಿಗಲ್ಲ. ನಲವತ್ತರ ಹರೆಯದಲ್ಲಿ ಒಂದು ಸೀಸನ್‌ಗೆ 14 ಗೋಲು ಹೊಡೆದ ಮನುಷ್ಯನಿಗೆ ಪಂದ್ಯ ಸಿಕ್ಕೇ ಸಿಗುತ್ತದೆ. ಪೆಟ್ಟು ಬೀಳುವುದು ಬೆಂಚಿನಲ್ಲಿ ಕೂತ ಹತ್ತೊಂಬತ್ತರ ಹುಡುಗನಿಗೆ. ಪಂದ್ಯ ಕಡಿಮೆಯಾದಷ್ಟೂ ಪ್ರತಿ ಪಾಯಿಂಟಿನ ಬೆಲೆ ಏರುತ್ತದೆ. ಆಗ ಯಾವ ಕೋಚೂ ಹೊಸಬನನ್ನು ಇಳಿಸಿ ನೋಡುವ ಧೈರ್ಯ ಮಾಡುವುದಿಲ್ಲ. ನಾನಾದರೂ ಮಾಡುವುದಿಲ್ಲ. ಹಾಗಾಗಿ 'ಎರಡು ವರ್ಷದಲ್ಲಿ ಐಎಸ್‌ಎಲ್' ಅನ್ನೋ ಮಾತು ಮಾಮೂಲಿ ಕಾಲದಲ್ಲೇ ಬೊಗಳೆ, ಈಗಂತೂ ಹೇಳುವವನಿಗೇ ನಗು ಬರಬೇಕು.

ಎಷ್ಟು ಸೀಟಿವೆ ಅಂತಲೂ ನೋಡಿಬಿಡಿ. ಈವರೆಗಿನ ನಿಯಮದಂತೆ ಮೈದಾನದಲ್ಲಿ ಒಂದು ತಂಡ ನಾಲ್ವರು ವಿದೇಶಿಯರನ್ನು ಇಳಿಸಬಹುದು. ಉಳಿದವರು ಏಳು. 14 ತಂಡಕ್ಕೆ 98. ಇಡೀ ದೇಶದಿಂದ, ಒಂದು ವಾರಕ್ಕೆ, ಆಟ ಶುರು ಮಾಡುವ ಭಾರತೀಯರು ಅಷ್ಟೇ. ಮಣಿಪುರ, ಮಿಜೋರಾಂ, ಗೋವಾ, ಕೇರಳ, ಬಂಗಾಳ, ಪಂಜಾಬ್, ಎಲ್ಲರೂ ಅದೇ ಬಾಗಿಲಿಗೆ ಬರುತ್ತಾರೆ.

ಇನ್ನು ಆ ಮಧ್ಯವರ್ತಿ. ಇಲ್ಲಿ ನಾನು ಮೆತ್ತಗೆ ಮಾತಾಡುವುದಿಲ್ಲ. ಟ್ರಯಲ್ಸ್‌ಗೆ ಎಂಬತ್ತು ಸಾವಿರ ಕೇಳುವವನು ಫುಟ್‌ಬಾಲ್ ಮಾರುತ್ತಿಲ್ಲ, ನಿಮ್ಮ ಆಸೆ ಮಾರುತ್ತಿದ್ದಾನೆ. ಆಟಗಾರರ ಏಜೆಂಟ್ ಆಗಲು ಫಿಫಾದ ಲೈಸೆನ್ಸ್ ಬೇಕು, ಹೆಸರು ಅವರ ಪಟ್ಟಿಯಲ್ಲಿ ಇರಬೇಕು. ಹದಿನೆಂಟು ತುಂಬದ ಹುಡುಗನ ವಿಷಯದಲ್ಲಿ ತಂದೆತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಅವರು ಹತ್ತಿರ ಬರುವಂತಿಲ್ಲ. ಮೊದಲ ವೃತ್ತಿಪರ ಕರಾರಿಗೆ ಸಹಿ ಬೀಳುವ ಮುಂಚೆ ಕಮಿಷನ್ ತೆಗೆದುಕೊಳ್ಳುವಂತೆಯೂ ಇಲ್ಲ. ನಾಳೆ ಇವನೇ ಸ್ಪೇನ್, ಪೋರ್ಚುಗಲ್ ಅಂತ ಬಂದರೂ ಬರಬಹುದು. ಹದಿನೆಂಟರೊಳಗಿನವರನ್ನು ಬೇರೆ ದೇಶದ ಕ್ಲಬ್ ನೋಂದಾಯಿಸಿಕೊಳ್ಳುವುದನ್ನು ಫಿಫಾ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನಿಷೇಧಿಸಿದೆ.

ವಯಸ್ಸು ತಿದ್ದುವುದಂತೂ ಕನಸಿನಲ್ಲೂ ಬೇಡ. ನಿಮ್ಮ ಮಗನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಜನ್ಮದಿನಾಂಕ ಅಚ್ಚಾಗಿ ಕೂತಿದೆ. ನಾಳೆ ಸ್ಪೋರ್ಟ್ಸ್ ಕೋಟಾದ ಕೆಲಸಕ್ಕೆ ಹೋದಾಗ ಅದೂ ಕೇಳುತ್ತಾರೆ, ಆಟದ ಸರ್ಟಿಫಿಕೇಟೂ ಕೇಳುತ್ತಾರೆ. ಎರಡರಲ್ಲಿ ಎರಡು ದಿನಾಂಕ ಇದ್ದರೆ ಆಟವೂ ಹೋಯಿತು, ಕೆಲಸವೂ ಹೋಯಿತು. ಅಲ್ಲದೆ ವಯೋಮಿತಿಯ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆ ನೋಡುತ್ತಾರೆ. ಸರ್ಟಿಫಿಕೇಟ್ ತಿದ್ದಿದವನು ಮೂಳೆ ತಿದ್ದಲಾರ. ಸಿಕ್ಕಿಬಿದ್ದಾಗ ನಿಷೇಧ ಬೀಳುವುದು ಹುಡುಗನ ಮೇಲೆ, ಆ ಮಧ್ಯವರ್ತಿ ಅಷ್ಟರಲ್ಲಿ ಸಿಮ್ ಬದಲಾಯಿಸಿರುತ್ತಾನೆ.

ಅಕಾಡೆಮಿಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವು ಇವೆ. ಒಂದು ಹಳೇ ಕ್ಲೂ ಹೇಳುತ್ತೇನೆ: ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ನೋಡಿ. ಚಾಪ್‌ಮನ್ ಬೆಂಗಳೂರಿನ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರದಿಂದ ಜೆಮ್‌ಶೆಡ್‌ಪುರದ ಟಾಟಾ ಅಕಾಡೆಮಿಗೆ ಹೋದಾಗ ಅವರೇ ಇವನನ್ನು ಸಾಕಿದರು. ಮಗ ಖಂಡಿತ ಛೇತ್ರಿಯ ಉದಾಹರಣೆ ಕೊಡುತ್ತಾನೆ, ಹದಿನೇಳಕ್ಕೇ ಮೋಹನ್ ಬಗಾನ್ ಸೇರಿದ ಅಂತ. ಸೇರಿದ, ನಿಜ. ಕ್ಲಬ್ ಕರೆದು ಸಂಬಳ ಕೊಟ್ಟಿತು, ಛೇತ್ರಿಯ ಅಪ್ಪ ಫೀಸ್ ಕಟ್ಟಲಿಲ್ಲ. ನಿಮ್ಮ ಮಗನನ್ನು ಕ್ಲಬ್ಬೊಂದು ತನ್ನ ಖರ್ಚಿನಲ್ಲಿ ಕರೆದರೆ ನನ್ನ ಸಲಹೆ ಬೇರೆಯಾಗುತ್ತದೆ. ಮೂರೂವರೆ ಲಕ್ಷದಂತೆ ಎರಡು ವರ್ಷಕ್ಕೆ ಏಳು ಲಕ್ಷ, ನಿಮ್ಮ ಮನೆಯ ಆದಾಯಕ್ಕೆ ಅದು ಸಾಲ. ಸಾಲದ ಮೇಲೆ ಆಡುವ ಹುಡುಗ ಬಾಲ್ ಪಾಸ್ ಮಾಡುವುದನ್ನೇ ಮರೆಯುತ್ತಾನೆ. ಪ್ರತಿ ಟಚ್ಚಿನಲ್ಲೂ ತಾನು ಕಾಣಿಸಬೇಕು ಅನ್ನೋ ಹಪಹಪಿ ಬರುತ್ತದೆ, ಕಣ್ಣಾರೆ ನೋಡಿದ್ದೇನೆ.

ಆದರೂ ಕಳಿಸುವ ಮನಸ್ಸಿದ್ದರೆ ಆ ಅಕಾಡೆಮಿಯಿಂದ ಮೊದಲು ಒಂದು ಹಾಳೆ ಕೇಳಿ. ಹೋದ ವರ್ಷ ನಿಮ್ಮ ಮಗನ ವಯಸ್ಸಿನ ತಂಡ ಆಡಿದ ಅಧಿಕೃತ ಪಂದ್ಯಗಳ ಪಟ್ಟಿ: ದಿನಾಂಕ, ಎದುರಾಳಿ, ಯಾವ ಲೀಗ್. ಎಐಎಫ್‌ಎಫ್ ಅಕಾಡೆಮಿಗಳಿಗೆ ಮಾನ್ಯತೆ, ಸ್ಟಾರ್ ರೇಟಿಂಗ್ ಕೊಡುತ್ತದೆ, ಆ ಪತ್ರ ತೋರಿಸಲಿ. ಹುಡುಗನ ನೋಂದಣಿ ಫೆಡರೇಷನ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ಯಾವ ಕ್ಲಬ್ಬಿನ ಹೆಸರಿಗೆ ಹೋಗುತ್ತದೆ, ಬಿಟ್ಟು ಬರಬೇಕಾದರೆ ಎನ್‌ಒಸಿ ಹೇಗೆ ಕೊಡುತ್ತಾರೆ ಅಂತ ಬರೆದುಕೊಡಲಿ. ನೋಂದಣಿ ಸಿಕ್ಕಿಹಾಕಿಕೊಂಡು ಒಂದು ಇಡೀ ಸೀಸನ್ ಆಡಲಾಗದೆ ಕೂತವರು ನನಗೆ ಗೊತ್ತು. ಕರಾರು ಅಂತ ಏನಾದರೂ ಮುಂದಿಟ್ಟರೆ ಅವಧಿ ನೋಡಿ. ಹದಿನೆಂಟು ತುಂಬದವರಿಗೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರು ಫಿಫಾ ನಿಯಮದಲ್ಲಿ ಇಲ್ಲ. ಇಷ್ಟು ಕೇಳಿದಾಗ ಫೋನ್ ಎತ್ತುವುದನ್ನೇ ನಿಲ್ಲಿಸಿದರೆ ನಿಮಗೆ ಉತ್ತರ ಸಿಕ್ಕಂತೆ.

ನನ್ನ ಮಗನಾಗಿದ್ದರೆ ಇಲ್ಲೇ ಇಟ್ಟುಕೊಳ್ಳುತ್ತಿದ್ದೆ. ಬೆಂಗಳೂರು ಫುಟ್‌ಬಾಲಿಗೆ ಬಡ ಊರಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ನಿಮ್ಮ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ನಾನು ಹೇಳಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ಗೆ ಹೋಗಿ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ತಂದಿತು, ಮೈಸೂರು ರಾಜ್ಯದ ಕಾಲದ ಗೆಲುವಿನ 54 ವರ್ಷಗಳ ಮೇಲೆ. ಆ ತಂಡವನ್ನು ಕಟ್ಟಿದ್ದು ಐಎಸ್‌ಎಲ್‌ನ ತಾರೆಯರಿಂದಲ್ಲ, ಇಲ್ಲಿನ ಲೀಗುಗಳಲ್ಲಿ ಬೆವರು ಹರಿಸುವ ಹುಡುಗರಿಂದ.

ಹಾಗಾಗಿ ಮುಂದಿನ ಎರಡು ವರ್ಷ ಹೀಗೆ ಸಾಗಲಿ. ಪಿಯುಸಿ ಮುಗಿಸಲಿ, ಅದರಲ್ಲಿ ಚೌಕಾಸಿ ಬೇಡ. ಹಾಜರಾತಿ ಕಷ್ಟವಾದರೆ ಕಾಲೇಜಿನ ದೈಹಿಕ ಶಿಕ್ಷಕರನ್ನು ಈಗಲೇ ಹೋಗಿ ಕಾಣಿ, ಟೂರ್ನಿಯ ದಿನಗಳಿಗೆ ಪತ್ರ ಕೊಡುವ ರೂಢಿ ಇದೆ. ಬಿ ಡಿವಿಷನ್ ಕ್ಲಬ್ಬಿನಲ್ಲಿ ಖಾಯಂ ಆಡುತ್ತಿದ್ದರೆ ಮುಂದಿನ ನೋಂದಣಿಯಲ್ಲಿ ಎ ಡಿವಿಷನ್‌ಗೋ, ವಯೋಮಿತಿಯ ಲೀಗ್‌ಗಳಲ್ಲಿ ಆಡುವ ಕ್ಲಬ್ಬಿಗೋ ಹೋಗಲಿ. ಅಲ್ಲಿ ಬೆಂಚು ಕಾಯಬೇಕಾದರೆ ಮಾತ್ರ ಬೇಡ, ಇದ್ದಲ್ಲೇ ಇರಲಿ. ಸೂಪರ್ ಡಿವಿಷನ್‌ನ ಜೆರ್ಸಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಬಿ ಡಿವಿಷನ್‌ನ ಮಣ್ಣಿನಲ್ಲಿ ತೊಂಬತ್ತು ನಿಮಿಷ ಓಡುವುದು ಲಾಭ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಪಂದ್ಯದ ನಿಮಿಷ ಬರೆದಿಡಿ. ನೀವೇ ಬರೆಯಿರಿ, ಅವನು ಬರೆದರೆ ಗೋಲು ಮಾತ್ರ ಬರೆಯುತ್ತಾನೆ. ವರ್ಷಕ್ಕೆ ಮೂವತ್ತು ಪಂದ್ಯ, ಎರಡು ಸಾವಿರ ನಿಮಿಷ ದಾಟಿದರೆ ಹುಡುಗ ಸರಿಯಾದ ದಾರಿಯಲ್ಲಿದ್ದಾನೆ ಅಂತ ನನ್ನ ಅನುಭವದ ಲೆಕ್ಕ. ನಲವತ್ತೈದು ಪಂದ್ಯ ದಾಟಿದರೆ ಮೈಗೆ ವಿಶ್ರಾಂತಿ ಸಾಲುತ್ತಿಲ್ಲ, ಆಗ ಭಾನುವಾರದ ಸೆವೆನ್ಸ್ ಬಂದ್.

ಇದರಲ್ಲೂ ಅಪಾಯ ಇಲ್ಲವೆಂದಲ್ಲ. ಇಲ್ಲಿನ ಡಿವಿಷನ್ ಪಂದ್ಯಗಳಿಗೆ ದೊಡ್ಡ ಕ್ಲಬ್ಬಿನ ಕಣ್ಣು ಬೀಳುವುದು ಅಪರೂಪ, ವೇಳಾಪಟ್ಟಿ ಹಿಂದೆಮುಂದೆ ಆಗುತ್ತದೆ, ಗಾಯವಾದರೆ ಫಿಸಿಯೊ ಖರ್ಚು ನಿಮ್ಮದೇ. ಹತ್ತೊಂಬತ್ತಾದರೂ ಸೂಪರ್ ಡಿವಿಷನ್ ಮಟ್ಟ ಮುಟ್ಟದೆ ಇರಬಹುದು. ಆಗ ಕೈಯಲ್ಲಿ ಪಿಯುಸಿ ಇರುತ್ತದೆ, ವಿಶ್ವವಿದ್ಯಾಲಯದ ತಂಡಕ್ಕೆ ಆಡುವ ದಾರಿ ಇರುತ್ತದೆ. ರಾಜ್ಯವನ್ನು ಪ್ರತಿನಿಧಿಸಿದ ಸರ್ಟಿಫಿಕೇಟ್ ಸಿಕ್ಕರೆ ನಿಮ್ಮ ಅಣ್ಣ ಹಿಡಿದ ರೈಲ್ವೆ ದಾರಿಯೂ ಇರುತ್ತದೆ. ಅಣ್ಣ ಕಳಿಸು ಅಂತಾರಲ್ಲ, ಅವರನ್ನೇ ಕೇಳಿ: ಅವರಿಗೆ ಕೆಲಸ ಸಿಕ್ಕದ್ದು ಹಾಸ್ಟೆಲಿಗೆ ಫೀಸ್ ಕಟ್ಟಿದ್ದಕ್ಕೋ, ಇದೇ ಊರಿನಲ್ಲಿ ಪಂದ್ಯ ಆಡಿದ್ದಕ್ಕೋ?

ಯಜಮಾನರಿಗೆ ಒಂದು ಮಾತು. ಲೀಗ್ ಇಲ್ಲ ಅಂತ ಬೈದರೆ ಹುಡುಗ ಪತ್ರಿಕೆ ತಂದು 2026ರ ಫೆಬ್ರವರಿ 14 ಅಂತ ತೋರಿಸುತ್ತಾನೆ, ಜಗಳ ಅಲ್ಲಿಗೇ ಸೋತಂತೆ. ಬದಲಿಗೆ ಒಂದು ದಿನ ರಜೆ ಹಾಕಿ ಅವನ ಪಂದ್ಯಕ್ಕೆ ಹೋಗಿ ಕೂರಲಿ. ಏನೂ ಹೇಳುವುದು ಬೇಡ, ಬರೀ ನೋಡಲಿ.

ಕೊನೆಗೆ ಬೂಟು. ಒಂಬತ್ತು ಸಾವಿರದ್ದು ಬೇಡ, ಬೆಲೆಗಿಂತ ಸ್ಟಡ್, ಅಂದರೆ ಬೂಟಿನ ಅಡಿಯ ಉಬ್ಬುಗಳು, ಮುಖ್ಯ. ನಮ್ಮಲ್ಲಿ ಪಂದ್ಯ ನಡೆಯುವುದು ಹೆಚ್ಚಾಗಿ ಕೃತಕ ಟರ್ಫ್ ಮೇಲೆ ಅಥವಾ ಗಟ್ಟಿ ನೆಲದ ಮೇಲೆ. ಟಿವಿಯಲ್ಲಿ ಆಡುವವರು ಹಾಕುವ ಉದ್ದ ಸ್ಟಡ್‌ನ ಬೂಟು ಮೆತ್ತನೆಯ ಹುಲ್ಲಿಗಾಗಿ ಮಾಡಿದ್ದು. ಟರ್ಫ್‌ನಲ್ಲಿ ಅದು ಕಚ್ಚಿಕೊಳ್ಳುತ್ತದೆ, ಕಾಲು ನಿಂತಲ್ಲೇ ನಿಂತು ಮಂಡಿ ಮಾತ್ರ ತಿರುಗುತ್ತದೆ. ಗಿಡ್ಡ ಸ್ಟಡ್‌ಗಳು ಹೆಚ್ಚಿರುವ ಟರ್ಫ್ ಬೂಟು ಮೂರು ಸಾವಿರದೊಳಗೆ ಬರುತ್ತದೆ. ಅಂಗಡಿಗೆ ಸಂಜೆ ಕರೆದುಕೊಂಡು ಹೋಗಿ, ಪ್ರಾಕ್ಟೀಸ್ ಮುಗಿಸಿ ಕಾಲು ಸ್ವಲ್ಪ ಊದಿರುವಾಗ. ಆಡುವಾಗ ಹಾಕುವ ಸಾಕ್ಸ್ ಮರೆಯದೆ ಒಯ್ಯಲಿ.